ಹೆಜ್ಜೆ ಎಣಿಸುವ ಯಂತ್ರ ಬಂತು, ಆ ಎಣಿಕೆ ನೋಡುವವರು ಯಾರು?

ಕಳೆದ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯಿತು. ಡಿಸ್ಚಾರ್ಜ್ ದಿನ ಆಸ್ಪತ್ರೆಯವರು ಬಿಲ್ಲು, ಮಾತ್ರೆ ಚೀಟಿ, ವಾಕರ್ ಎಲ್ಲದರ ಜೊತೆ ಕೈಗೆ ಕಟ್ಟುವ ಒಂದು ಕಪ್ಪು ಬ್ಯಾಂಡನ್ನೂ ಕೊಟ್ಟರು. "ಸ್ನಾನ ಮಾಡುವಾಗ ಬಿಟ್ಟು ಯಾವಾಗಲೂ ಕಟ್ಕೊಂಡಿರಿ ಅಮ್ಮಾ. ಮನೇಲಿ ನೀವು ಎಷ್ಟು ನಡೀತೀರಿ ಅಂತ ನಮಗೆ ಇಲ್ಲೇ ಗೊತ್ತಾಗುತ್ತೆ" ಅಂದರು ವಾರ್ಡಿನ ಸಿಸ್ಟರ್. ನನ್ನ ಫೋನಿಗೆ ಒಂದು ಆಪ್ ಹಾಕಿಕೊಟ್ಟರು. ಅಮ್ಮನಿಗೆ ಖುಷಿ. ಬಳೆ ಪಕ್ಕದಲ್ಲಿ ಅದೂ ಒಂದು.

ನಾಲ್ಕನೇ ದಿನ ಬೆಳಗ್ಗೆ ಅವಳು ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ದೇವರಮನೆಗೆ, ಮತ್ತೆ ಹಾಲಿಗೆ ವಾಕರ್ ಹಿಡಿದು ಹನ್ನೆರಡು ಸುತ್ತು ಹಾಕಿದಳು. ಹಣೆ ಮೇಲೆಲ್ಲ ಬೆವರು. ಬ್ಯಾಂಡ್ ನೋಡಿದರೆ 38 ಹೆಜ್ಜೆ. ಸಂಜೆ ಕುರ್ಚಿಯಲ್ಲಿ ಕೂತೇ ಚಪಾತಿ ಹಿಟ್ಟು ನಾದಿದಳು, ಕೂತೇ ಲಟ್ಟಿಸಿದಳು. ಬ್ಯಾಂಡ್ 400 ದಾಟಿತ್ತು. "ಇದಕ್ಕೆ ಕಾಲಿಗಿಂತ ಕೈ ಮೇಲೇ ಪ್ರೀತಿ ಜಾಸ್ತಿ ಕಣೋ" ಅಂತ ನಕ್ಕಳು.

ಒಂದೂವರೆ ತಿಂಗಳ ಮೇಲೆ ಫಾಲೋ-ಅಪ್‌ಗೆ ಹೋದೆವು. ಡಾಕ್ಟರ್ ಎಕ್ಸ್‌ರೇ ನೋಡಿದರು, ಮಂಡಿ ಮಡಚಿಸಿ ನೋಡಿದರು, "ನಡೀತಾ ಇದೀರಾ?" ಅಂತ ಕೇಳಿದರು. "ನಡೀತಾ ಇದೀನಿ ಡಾಕ್ಟ್ರೇ" ಅಂದಳು ಅಮ್ಮ. ಅಷ್ಟೇ. ಬ್ಯಾಂಡಿನ ಲೆಕ್ಕವನ್ನು ಯಾರೂ ತೆಗೆದು ನೋಡಲಿಲ್ಲ. ನಾನಾಗಿ ಕೇಳಿದ್ದಕ್ಕೆ "ಅದನ್ನ ಬೇರೆ ಡಿಪಾರ್ಟ್‌ಮೆಂಟ್ ನೋಡ್ಕೊಳ್ಳುತ್ತೆ" ಅನ್ನುವ ಉತ್ತರ ಬಂತು. ಆ ಡಿಪಾರ್ಟ್‌ಮೆಂಟ್ ಯಾವ ಫ್ಲೋರಿನಲ್ಲಿದೆ ಅನ್ನುವುದು ಕೌಂಟರಿನವರಿಗೂ ಗೊತ್ತಿರಲಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಆಗಿದ್ದರೆ ಬರೆಯುತ್ತಿರಲಿಲ್ಲ. ಗೆಳೆಯರ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಕೇಳುತ್ತಿದ್ದೇನೆ. ಸ್ಟೆಂಟ್ ಹಾಕಿಸಿಕೊಂಡ ಮಾವನ ಕೈಯಲ್ಲಿ ವಾಚು, ಶುಗರ್ ಇರುವ ಚಿಕ್ಕಮ್ಮನ ಫೋನಿನಲ್ಲಿ ಆಪು. ನಮ್ಮ ಬೆಂಗಳೂರಿಗೆ ಇಂಥ ಯಂತ್ರಗಳ ಹುಚ್ಚು ಸಹಜ. ಬೆರಳಿಗೆ ಹಾಕುವ ಆರೋಗ್ಯದ ಉಂಗುರ ಮಾಡುವ ಅಲ್ಟ್ರಾಹ್ಯೂಮನ್ ಇಲ್ಲಿನದೇ. ಹಾಸಿಗೆ ಕೆಳಗೆ ಒಂದು ತೆಳು ಹಾಳೆ ಹಾಸಿ, ಮೈಗೆ ಏನನ್ನೂ ಅಂಟಿಸದೆ ಎದೆಬಡಿತ, ಉಸಿರಾಟ ಅಳೆಯುವ ಡೋಜೀ ಕೂಡ ಇಲ್ಲಿನದೇ. ಯಂತ್ರಕ್ಕೆ ಕೊರತೆಯಿಲ್ಲ. ಅದು ಕಳಿಸುವ ಲೆಕ್ಕವನ್ನು ಆ ಕಡೆ ಕೂತು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಿದಂತಿಲ್ಲ.

ಡಾಕ್ಟರಿಗೆ ಇದೆಲ್ಲ ಯಾಕೆ ಬೇಕು?

ರೋಗಿ ಡಾಕ್ಟರ್ ಎದುರು ಕೂರುವುದು ಐದೋ ಹತ್ತೋ ನಿಮಿಷ. ಉಳಿದ ತಿಂಗಳೆಲ್ಲ ಮನೆಯಲ್ಲಿ. ಆ ತಿಂಗಳಲ್ಲಿ ಏನು ನಡೆಯಿತು ಅಂತ ಕೇಳಿದರೆ ನಾವು ಕೊಡುವ ಉತ್ತರ ನೆನಪಿನಿಂದ ಬಂದದ್ದು. ಅದರಲ್ಲೂ ಡಾಕ್ಟರ್ ಹತ್ತಿರ ಬೈಸಿಕೊಳ್ಳಬಾರದು ಅನ್ನುವ ಆಸೆ ಬೆರೆತ ನೆನಪು. ದಿನಾ ಒಂದು ಗಂಟೆ ವಾಕ್ ಮಾಡುತ್ತೇನೆ ಅನ್ನುವವರು ಅದರಲ್ಲಿ ಎಷ್ಟು ಹೊತ್ತು ಕಲ್ಲುಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡುತ್ತಾರೆ ಅನ್ನುವುದನ್ನು ಬೆಳಗ್ಗೆ ಆರೂವರೆಗೆ ಕೃಷ್ಣರಾವ್ ಪಾರ್ಕಿಗೋ ಸ್ಯಾಂಕಿ ಕೆರೆ ದಂಡೆಗೋ ಹೋಗಿ ನೋಡಿ. ಸುಳ್ಳು ಹೇಳುತ್ತಾರೆ ಅಂತಲ್ಲ, ಮನೆಯಿಂದ ಹೊರಟ ಹೊತ್ತಿನಿಂದ ಕಾಫಿ ಕುಡಿದು ವಾಪಸ್ ಬರುವವರೆಗೆ ಎಲ್ಲವೂ ಅವರ ಲೆಕ್ಕದಲ್ಲಿ ವಾಕೇ.

ಆಸ್ಪತ್ರೆಗಳಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಅಂತ ಒಂದಿದೆ. ಸುಮಾರು 30 ಮೀಟರ್ ಉದ್ದದ ಕಾರಿಡಾರಿನಲ್ಲಿ ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವವರನ್ನು ಆರು ನಿಮಿಷ ನಡೆಸುತ್ತಾರೆ. ಎಷ್ಟು ದೂರ ಹೋದರು, ಎಲ್ಲಿ ನಿಂತು ಉಸಿರು ತೆಗೆದುಕೊಂಡರು ಅಂತ ಬರೆದುಕೊಳ್ಳುತ್ತಾರೆ. ಖರ್ಚಿಲ್ಲದ ಒಳ್ಳೆಯ ಪರೀಕ್ಷೆ. ಆದರೆ ಅದು ಹೇಳುವುದು ರೋಗಿಯ ಕೈಲಿ ಎಷ್ಟು ಸಾಧ್ಯ ಅನ್ನುವುದನ್ನು. ಸಿಸ್ಟರ್ ಪಕ್ಕದಲ್ಲಿ ನಿಂತು "ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ" ಅನ್ನುವಾಗ ನಡೆಯುವವರು ಮನೆಯಲ್ಲಿ ದಿನವಿಡೀ ಟಿವಿ ಮುಂದೆ ಕೂತಿರಬಹುದು.

ಈ ಎರಡರ ನಡುವಿನ ಅಂತರ ಸಣ್ಣದೇನಲ್ಲ. ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆಯಿಂದ ಶ್ವಾಸಕೋಶ ಹಾಳಾಗುವ ಸಿಒಪಿಡಿ ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮುಂದಿನ ವರ್ಷಗಳಲ್ಲಿ ಯಾರು ಬದುಕುಳಿಯುತ್ತಾರೆ ಅನ್ನುವುದನ್ನು ಊದಿಸಿ ಮಾಡುವ ಶ್ವಾಸಕೋಶದ ಪರೀಕ್ಷೆಗಿಂತ ಚೆನ್ನಾಗಿ ತಿಳಿಸಿದ್ದು ರೋಗಿ ದಿನದಲ್ಲಿ ಎಷ್ಟು ಓಡಾಡುತ್ತಾನೆ ಅನ್ನುವ ಲೆಕ್ಕ. ಆ ಲೆಕ್ಕ ಸಿಕ್ಕಿದ್ದು ಮೈಮೇಲೆ ಕಟ್ಟಿದ ಸೆನ್ಸರ್‌ನಿಂದ, ರೋಗಿಯ ಬಾಯಿಂದಲ್ಲ.

ಕೈ ನಡುಗುವ, ಓಡಾಟ ನಿಧಾನವಾಗುವ ಪಾರ್ಕಿನ್ಸನ್ಸ್ ಕಾಯಿಲೆ ಇನ್ನೂ ಒಳ್ಳೆಯ ಉದಾಹರಣೆ. ಈ ರೋಗ ದಿನವಿಡೀ ಒಂದೇ ತರ ಇರುವುದಿಲ್ಲ. ಮಾತ್ರೆ ಕೆಲಸ ಮಾಡುವಾಗ ಕೈಕಾಲು ಸಲೀಸು, ಮಾತ್ರೆಯ ಶಕ್ತಿ ಇಳಿದಾಗ ಮೈ ಮರದ ಹಾಗೆ ಬಿಗಿ. ನಿಮ್ಹಾನ್ಸ್‌ಗೆ ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗ್ಗೆ ಸಾಲಿನಲ್ಲಿ ನಿಂತು, ಡಾಕ್ಟರ್ ಮುಂದೆ ಹೋಗುವ ಹೊತ್ತಿಗೆ ರೋಗಿ ಯಾವ ಘಟ್ಟದಲ್ಲಿದ್ದಾನೋ ಡಾಕ್ಟರಿಗೆ ಕಾಣುವುದು ಅದೊಂದೇ. ಮಾತ್ರೆಯ ಹೊತ್ತನ್ನು ಹಿಂದೆ ಮುಂದೆ ಮಾಡಲು ಬೇಕಾದದ್ದು ಮನೆಯ ಇಡೀ ದಿನದ ಚಿತ್ರ. ಮಣಿಕಟ್ಟಿನ ಸೆನ್ಸರ್ ನಡುಕ, ನಿಧಾನ ಎರಡನ್ನೂ ಗಂಟೆಗಂಟೆಗೆ ದಾಖಲಿಸಬಲ್ಲದು. ಇಂಥ ಕಡೆ ಈ ತಂತ್ರಜ್ಞಾನವನ್ನು ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ.

ಅಂದಹಾಗೆ, ಚಲನೆ ಅಳೆಯುವ ಸೆನ್ಸರ್ ವಾಚಿಗಿಂತ ಮುಂಚೆ ಎದೆಯೊಳಗೇ ಹೋಗಿತ್ತು. 1980ರ ದಶಕದಲ್ಲೇ ಪೇಸ್‌ಮೇಕರ್‌ಗಳಲ್ಲಿ ಸಣ್ಣ ಹರಳೊಂದನ್ನು ಇಟ್ಟರು. ರೋಗಿ ಎದ್ದು ನಡೆದರೆ ಮೈಯ ಅದುರು ಅದಕ್ಕೆ ಗೊತ್ತಾಗಿ, ಪೇಸ್‌ಮೇಕರ್ ಎದೆಬಡಿತವನ್ನು ಏರಿಸುತ್ತಿತ್ತು. ಅದರ ಚೆಂದ ಇರುವುದು ಇಲ್ಲಿ: ಅಳೆದದ್ದು ಅಲ್ಲೇ ಕೆಲಸಕ್ಕೆ ಬಂತು. ಯಾವ ಸರ್ವರಿಗೂ ಹೋಗಲಿಲ್ಲ, ಯಾರ ಫೋನಿನಲ್ಲೂ ಟಿಂಗ್ ಅನ್ನಲಿಲ್ಲ.

38 ಹೆಜ್ಜೆಯ ಗುಟ್ಟು

ಅಮ್ಮನ ಬ್ಯಾಂಡ್ ಕೆಟ್ಟಿರಲಿಲ್ಲ. ಅದರೊಳಗಿನ ಆಕ್ಸೆಲೆರೋಮೀಟರ್ ಅನ್ನುವ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಂಡೊಂದು ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಕೈ ಅಲ್ಲಾಡಿದರೆ ಅದೂ ಕೂದಲೆಳೆಯಷ್ಟು ಅಲ್ಲಾಡುತ್ತದೆ. ಆ ಅಲುಗಾಟವನ್ನು ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ ಹೀಗೆ ಮೂರು ದಿಕ್ಕಿನಲ್ಲಿ, ಸೆಕೆಂಡಿಗೆ ಹತ್ತಾರು ಬಾರಿ ಚಿಪ್ ಅಳೆಯುತ್ತದೆ. ಇಷ್ಟೇ ಅದಕ್ಕೆ ಗೊತ್ತಿರುವುದು. ಹೆಜ್ಜೆ ಅಂದರೇನು ಅಂತ ಅದಕ್ಕೆ ಗೊತ್ತಿಲ್ಲ. ಅಲೆಯಲೆಯಾಗಿ ಬರುವ ಅಲುಗಾಟದಲ್ಲಿ ಯಾವುದು ಹೆಜ್ಜೆ ಅಂತ ಹೇಳುವುದು ಮೇಲೆ ಕೂತಿರುವ ಸಾಫ್ಟ್‌ವೇರ್, ಅದೂ ಅಂದಾಜಿನ ಮೇಲೆ.

ಆ ಅಂದಾಜನ್ನು ಕಲಿಸಿರುವುದು ಆರೋಗ್ಯವಂತರ ನಡಿಗೆ ತೋರಿಸಿ. ಗಟ್ಟಿಮುಟ್ಟಾದವರು ನಿಮಿಷಕ್ಕೆ ನೂರು ಹೆಜ್ಜೆಯ ಆಸುಪಾಸಿನಲ್ಲಿ ನಡೆಯುತ್ತಾರೆ, ಕೈ ಬೀಸುತ್ತಾರೆ. ಆಪರೇಷನ್ ಆದವರು ಅದರ ಅರ್ಧದಷ್ಟೂ ಹಾಕುವುದಿಲ್ಲ. ವಾಕರ್ ಹಿಡಿದಾಗ ಕೈ ಬೀಸುವ ಮಾತೇ ಇಲ್ಲ, ಮಣಿಕಟ್ಟು ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಸಾಲದ್ದಕ್ಕೆ, ಸುಮ್ನೆ ಕೈ ಆಡಿಸಿದ್ದು ಹೆಜ್ಜೆ ಅಂತ ಸೇರಿಕೊಳ್ಳದಿರಲಿ ಅಂತ ಎಷ್ಟೋ ಬ್ಯಾಂಡುಗಳು ಒಂದೇ ಲಯದಲ್ಲಿ ಎಂಟೋ ಹತ್ತೋ ಹೆಜ್ಜೆ ಬೀಳುವ ತನಕ ಎಣಿಕೆ ಶುರು ಮಾಡುವುದಿಲ್ಲ. ನಮ್ಮದು 20-30 ಸೈಟಿನ ಮನೆ. ಹಾಲಿನಿಂದ ಅಡುಗೆಮನೆಗೆ ಏಳೇ ಹೆಜ್ಜೆ! ಬ್ಯಾಂಡ್ ಎಣಿಸೋಣ ಅಂದುಕೊಳ್ಳುವಷ್ಟರಲ್ಲಿ ಗೋಡೆ ಬಂದಿರುತ್ತದೆ. ಚಪಾತಿ ಲಟ್ಟಿಸುವುದಾದರೆ ಒಳ್ಳೆ ಲಯಬದ್ಧ ಕೆಲಸ. ಅದಕ್ಕೇ 400.

ನಿಧಾನವಾಗಿ ನಡೆಯುವವರಿಗೆ ಇದೇ ಸೆನ್ಸರನ್ನು ಕಾಲಿನ ಹರಡಿನ ಹತ್ತಿರ ಕಟ್ಟಿದರೆ ಲೆಕ್ಕ ಎಷ್ಟೋ ಸರಿಯಾಗುತ್ತದೆ. ಸಂಶೋಧನೆ ಮಾಡುವವರಿಗೆ ಇದು ಬಹಳ ಹಿಂದಿನಿಂದ ಗೊತ್ತು. ಆದರೆ ಅಂಗಡಿಯಲ್ಲಿ ಸಿಗುವುದು ಕೈಗೆ ಕಟ್ಟುವುದೇ. ವಾಚು ಮಾಡುವವರು ರೋಗಿಗಾಗಿ ಮಾಡಿದ್ದಲ್ಲ, ಓಡುವವರಿಗಾಗಿ ಮಾಡಿದ್ದು. ನಾವು ಅದನ್ನು ತಂದು ರೋಗಿಗೆ ಕಟ್ಟಿದ್ದೇವೆ.

ಬೇರೆ ಅಂಕಿಗಳ ಗತಿ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಬಗೆಯ ಮಣಿಕಟ್ಟಿನ ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿ ನೋಡಿದರು. ಏಳರಲ್ಲಿ ಆರು, ಎದೆಬಡಿತವನ್ನು ಶೇಕಡ 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಹೇಳಿದವು. ಖರ್ಚಾದ ಕ್ಯಾಲೊರಿ ವಿಷಯಕ್ಕೆ ಬಂದಾಗ ಎಲ್ಲಕ್ಕಿಂತ ಒಳ್ಳೆಯ ಸಾಧನವೇ ಸರಾಸರಿ ಶೇಕಡ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡ 93. ವಾಚು "300 ಕ್ಯಾಲೊರಿ ಕರಗಿತು" ಅಂದಿದೆ ಅಂತ ವಿದ್ಯಾರ್ಥಿ ಭವನಕ್ಕೆ ಹೋಗಿ ಇನ್ನೊಂದು ಮಸಾಲೆ ದೋಸೆ ಹೇಳುವ ಮುಂಚೆ ಇದು ನೆನಪಿರಲಿ. ಎದೆಬಡಿತದ್ದೂ ಒಂದು ತಕರಾರಿದೆ. ವಾಚಿನ ಬೆನ್ನಿನ ಹಸಿರು ಬೆಳಕು ಚರ್ಮದೊಳಗೆ ಹೋಗಿ ರಕ್ತದ ಏರಿಳಿತ ನೋಡಿ ಬರಬೇಕು. ಕಪ್ಪು ಚರ್ಮದವರಲ್ಲಿ ತಪ್ಪು ಹೆಚ್ಚು ಅಂತ ಅದೇ ಅಧ್ಯಯನ ಹೇಳಿತು. ನಮ್ಮಂಥ ಕಪ್ಪು ಮೈಯವರ ನಾಡಿನಲ್ಲಿ ಇದನ್ನು ಕೇಳಿಯೇ ಕೊಳ್ಳಬೇಕು, ಅಲ್ವಾ?

ಹತ್ತು ಸಾವಿರ ಯಾರು ಹೇಳಿದ್ದು?

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕು ಅಂತ ಹೇಳುತ್ತಾರಲ್ಲ, ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ವೈದ್ಯಕೀಯದ ವಿಷಯವೇ ಅಲ್ಲ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಆಯಿತು. ಮರುವರ್ಷ ಜಪಾನಿನ ಯಮಾಸಾ ಅನ್ನುವ ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರ ಮಾರುಕಟ್ಟೆಗೆ ತಂದಿತು. ಹೆಸರು ಮಾನ್ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರಿಗೆಂದು ಇಟ್ಟ ಅಂಕಿ ಅರವತ್ತು ವರ್ಷ ಕಳೆದರೂ ನಮ್ಮ ಕೈಮೇಲೆ ಮಿನುಗುತ್ತಿದೆ. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಹೆಂಗಸರ ಹೆಜ್ಜೆ ಲೆಕ್ಕ ತೆಗೆದ ಅಧ್ಯಯನ ಬಂತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು ಸಾಕಷ್ಟು ಕಡಿಮೆ ಇತ್ತು. 7,500ರ ಹೊತ್ತಿಗೆ ಲಾಭ ಸಮವಾಗಿ ನಿಂತುಬಿಟ್ಟಿತು. ಅಜ್ಜಿಯಂದಿರಿಗೆ ಹತ್ತು ಸಾವಿರದ ಗುರಿ ಇಟ್ಟು ಪ್ರತಿ ರಾತ್ರಿ ಕೆಂಪು ಬಣ್ಣ ತೋರಿಸುವ ಆಪನ್ನು ಏನನ್ನಬೇಕು?

ಸೀರೆಗೆ ಜೇಬಿಲ್ಲ

ವಾಚು ಬೇಡ, ಫೋನೇ ಸಾಕು ಅನ್ನುವ ವಾದ ಇದೆ. ಫೋನಿನಲ್ಲೂ ಅದೇ ಚಿಪ್ ಇದೆ, ಜಿಪಿಎಸ್ ಇದೆ, ಎಲ್ಲರ ಮನೆಯಲ್ಲೂ ಇದೆ. ಬಡವರಿಗೆ ಇದೇ ದಾರಿ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಫೋನ್ ಹೆಜ್ಜೆ ಎಣಿಸಬೇಕಾದರೆ ಮೈಮೇಲೆ ಇರಬೇಕು. ಗಂಡಸರ ಪ್ಯಾಂಟಿಗೆ ಜೇಬಿದೆ. ಸೀರೆ ಉಟ್ಟವರ ಫೋನ್ ಇರುವುದು ಫ್ರಿಜ್ ಮೇಲೆ, ಟಿವಿ ಪಕ್ಕ, ಇಲ್ಲವೇ ಮೊಮ್ಮಗನ ಕೈಯಲ್ಲಿ. ಬೆಳಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ನೆಲ ಒರೆಸಿ, ಬಟ್ಟೆ ಕುಕ್ಕಿ, ಮೂರು ಮನೆ ಪಾತ್ರೆ ತೊಳೆದು ಬರುವ ಹೆಂಗಸಿನ ಫೋನ್ ಅವಳನ್ನು ಸೋಮಾರಿ ಅಂತ ಬರೆದುಕೊಂಡಿರುತ್ತದೆ. ಮೈಮೇಲೆ ಇದ್ದರೂ ಕುಕ್ಕುರುಗಾಲಿನಲ್ಲಿ ಕೂತು ಮಾಡುವ ಕೆಲಸಕ್ಕೆ ಅದರ ಬಳಿ ಹೆಸರೇ ಇಲ್ಲ.

ಭಾರತದ ದೊಡ್ಡವರಲ್ಲಿ ಅರ್ಧದಷ್ಟು ಜನ 2022ರಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಮಾಡುತ್ತಿರಲಿಲ್ಲ, ಹೆಂಗಸರಲ್ಲಿ ಶೇಕಡ 57, ಗಂಡಸರಲ್ಲಿ ಶೇಕಡ 42 ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಹೇಳಿದ್ದರು. ಆ ಅಂದಾಜು ಮಾಡಿದ್ದು ಜನರನ್ನು ಕೇಳಿ ಮಾಡಿದ ಸಮೀಕ್ಷೆಗಳಿಂದ, ಅದರಲ್ಲಿ ಮನೆಗೆಲಸದ ಪ್ರಶ್ನೆಯೂ ಇರುತ್ತದೆ. ನಾಳೆ ಇದೇ ಲೆಕ್ಕ ಫೋನಿನಿಂದ ಬಂದರೆ ಹೆಂಗಸರ ಅಂಕಿ ಇನ್ನೂ ಹದಗೆಡುತ್ತದೆ ಅಂತ ನನ್ನ ಊಹೆ. ಆ ಅಂಕಿ ನೋಡಿ "ಹೆಂಗಸರು ನಡೆಯಬೇಕು" ಅಂತ ಇನ್ನೊಂದು ಜಾಹೀರಾತು ಬರುತ್ತದೆ.

ಬೆಂಗಳೂರಿನದ್ದೇ ಇನ್ನೊಂದು ತೊಡಕು. ರೋಗಿಯ ಹೆಜ್ಜೆ ನಾಲ್ಕು ದಿನದಲ್ಲಿ ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ. ಹೃದಯ ಸೋಲುತ್ತಿರುವವರಲ್ಲಿ ಇದು ನಿಜವಾದ ಎಚ್ಚರಿಕೆ ಇರಬಹುದು. ಮೈಯಲ್ಲಿ ನೀರು ಸೇರಿಕೊಂಡಾಗ ಎರಡು ಮೂರು ದಿನದಲ್ಲೇ ಎರಡು ಕೆಜಿ ತೂಕ ಏರುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ, ಓಡಾಟ ತಾನಾಗೇ ಕಡಿಮೆಯಾಗುತ್ತದೆ. ಆದರೆ ಅದೇ ಇಳಿತ ಬೇರೆ ಕಾರಣಕ್ಕೂ ಆಗಬಹುದು. ಮನೆ ಮುಂದಿನ ರಸ್ತೆಯನ್ನು ಪೈಪಿಗೆ ಅಂತ ಅಗೆದಿದ್ದಾರೆ. ಮೂರು ದಿನದಿಂದ ಸಂಜೆ ಮಳೆ. ಫುಟ್‌ಪಾತಿನ ಚಪ್ಪಡಿ ಒಂದು ಎದ್ದಿದೆ, ಪಕ್ಕದ ಬೀದಿಯಲ್ಲಿ ಒಂದು ನಾಯಿ ಮರಿ ಹಾಕಿದೆ. ಮೊಮ್ಮಗಳ ನಾಮಕರಣ. ಸೆನ್ಸರಿಗೆ ಎಲ್ಲವೂ ಒಂದೇ ಅಂಕಿ. ಯಾಕೆ ಅನ್ನುವುದು ತಿಳಿಯಬೇಕಾದರೆ ಒಬ್ಬರು ಫೋನ್ ಮಾಡಿ ಕೇಳಬೇಕು.

ಹಾಗಾಗಿ ರೋಗಿಯ ವಿಷಯದಲ್ಲಿ ಒಟ್ಟು ಅಂಕಿಗೆ ಬೆಲೆ ಕಡಿಮೆ. 38 ಸರಿಯೋ ತಪ್ಪೋ ಬಿಡಿ, ಅದೇ ಬ್ಯಾಂಡ್ ಅದೇ ಕೈಯಲ್ಲಿ ನಿನ್ನೆ 38, ಹೋದ ವಾರ 15, ಇವತ್ತು 60 ಅಂದರೆ ಅಮ್ಮ ಸುಧಾರಿಸುತ್ತಿದ್ದಾಳೆ ಅಂತ ಅರ್ಥ. ತಪ್ಪು ತೋರಿಸುವ ತಕ್ಕಡಿಯೂ ದಿನಾ ಒಂದೇ ತಪ್ಪು ತೋರಿಸಿದರೆ ಕೆಲಸಕ್ಕೆ ಬರುತ್ತದೆ. ರೋಗಿಯನ್ನು ಅವನ ನಿನ್ನೆಯ ಜೊತೆ ಹೋಲಿಸಬೇಕು, ಪಕ್ಕದ ಮನೆಯವನ ಜೊತೆಯಲ್ಲ. ಆಪುಗಳು ಮಾಡುವುದು ಮಾತ್ರ ಉಲ್ಟಾ. ಗುರಿ, ಪದಕ, ಪಟಾಕಿ, ಸ್ನೇಹಿತರ ಪಟ್ಟಿಯಲ್ಲಿ ನೀವು ಎಷ್ಟನೆಯವರು.

ಅಳೆದರೆ ಸಾಕೇ?

ಅಳೆಯುತ್ತಿದ್ದರೆ ಜನ ತಾವೇ ಸರಿಹೋಗುತ್ತಾರೆ ಅನ್ನುವ ನಂಬಿಕೆಗೆ 2016ರಲ್ಲಿ ಒಂದು ಪೆಟ್ಟು ಬಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತೂಕ ಇಳಿಸಬೇಕಿದ್ದ 471 ಯುವಜನರನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಊಟ, ವ್ಯಾಯಾಮದ ಸಲಹೆ ಸಿಗುತ್ತಿತ್ತು. ಆರು ತಿಂಗಳ ನಂತರ ಒಂದು ಗುಂಪಿಗೆ ಸೆನ್ಸರ್ ಕಟ್ಟಿದರು, ಇನ್ನೊಂದು ಗುಂಪಿನವರು ತಮ್ಮ ಲೆಕ್ಕ ತಾವೇ ಬರೆದಿಟ್ಟುಕೊಂಡರು. ಎರಡು ವರ್ಷಕ್ಕೆ ಬರೆದಿಟ್ಟವರು ಸರಾಸರಿ 5.9 ಕೆಜಿ ಇಳಿದಿದ್ದರು. ಸೆನ್ಸರ್ ಕಟ್ಟಿದವರು 3.5 ಕೆಜಿ ಮಾತ್ರ. ಯಾಕೆ ಅಂತ ಜನ ಇನ್ನೂ ಚರ್ಚೆ ಮಾಡುತ್ತಾರೆ. ನನಗನ್ನಿಸುವುದು ಇಷ್ಟು: ಕೈಯಾರೆ ಬರೆಯುವವನು ದಿನಕ್ಕೊಮ್ಮೆ ತನ್ನನ್ನು ತಾನು ನೋಡಿಕೊಳ್ಳುತ್ತಾನೆ. ಯಂತ್ರ ಕಟ್ಟಿಕೊಂಡವನು ಆ ಕೆಲಸವನ್ನು ಯಂತ್ರಕ್ಕೆ ಬಿಟ್ಟು ನಿರಾಳ ಆಗುತ್ತಾನೆ.

ಎಚ್ಚರಿಕೆ ಗಂಟೆಗಳ ಕಥೆಯೂ ನೋಡುವಂಥದ್ದು. ಎದೆಬಡಿತದ ಲಯ ತಪ್ಪುವುದನ್ನು ವಾಚು ಹಿಡಿಯಬಲ್ಲದೇ ಅಂತ ಆಪಲ್ ಜೊತೆ ಸ್ಟ್ಯಾನ್‌ಫರ್ಡ್‌ನವರು ದೊಡ್ಡ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಸೇರಿದವರು 4,19,297 ಜನ. ಎಚ್ಚರಿಕೆ ಬಂದದ್ದು 2,161 ಜನರಿಗೆ, ಅಂದರೆ ಶೇಕಡ ಅರ್ಧದಷ್ಟು. ಅವರಲ್ಲಿ ಎದೆಬಡಿತ ದಾಖಲಿಸುವ ಇಸಿಜಿ ಪಟ್ಟಿಯನ್ನು ಮೈಗೆ ಅಂಟಿಸಿಕೊಂಡು, ಆಮೇಲೆ ವಾಪಸ್ ಕಳಿಸಿದ 450 ಜನರಲ್ಲಿ ಶೇಕಡ 34 ಮಂದಿಗೆ ಲಯ ತಪ್ಪುವ ಕಾಯಿಲೆ ಇರುವುದು ಆ ದಾಖಲೆಯಲ್ಲಿ ಕಂಡಿತು. ಉಳಿದವರದ್ದೆಲ್ಲ ಸುಳ್ಳು ಎಚ್ಚರಿಕೆ ಅಂತ ಹೇಳಲು ಬರುವುದಿಲ್ಲ, ಈ ಕಾಯಿಲೆ ಬಂದು ಹೋಗಿ ಮಾಡುತ್ತದೆ. ಸೋಜಿಗದ ಸಂಗತಿ ಬೇರೆಯಿದೆ. ಎಚ್ಚರಿಕೆ ಬಂದ 2,161ರಲ್ಲಿ ಪಟ್ಟಿ ವಾಪಸ್ ಕಳಿಸಿದ್ದು 450 ಜನ. ಗಂಟೆ ಹೊಡೆದಾಗಲೂ ಬಹಳ ಜನ ಏಳುವುದಿಲ್ಲ.

ಈಗ ಆಸ್ಪತ್ರೆಯ ಕಡೆಯಿಂದ ಯೋಚಿಸಿ. ನಿಮಿಷಕ್ಕೊಮ್ಮೆ ಎದೆಬಡಿತ ಅಳೆಯುವ ವಾಚು ದಿನಕ್ಕೆ 1,440 ಅಂಕಿ ಕಳಿಸುತ್ತದೆ. ನೂರು ರೋಗಿಗಳಿಗೆ ಕಟ್ಟಿದರೆ 1,44,000. ಇದನ್ನು ನೋಡಲು ಯಾವ ಸಿಸ್ಟರ್‌ಗೆ ಪುರುಸೊತ್ತಿದೆ? ಓಪಿಡಿಯಲ್ಲಿ ಟೋಕನ್ ಕೂಗುವುದಕ್ಕೇ ಜನ ಸಾಲದು. ಸಾಫ್ಟ್‌ವೇರ್ ಸೋಸಿ ಕೊಡುತ್ತದೆ ಅನ್ನಬಹುದು, ಸರಿ. ಸೋಸಿ ಉಳಿದ ಐದು ಹೆಸರಿಗೆ ಯಾರು ಫೋನ್ ಮಾಡಬೇಕು, ಎಷ್ಟು ಹೊತ್ತಿನೊಳಗೆ, ಆ ಫೋನಿಗೆ ಫೀಸು ಇದೆಯೇ, ರಾತ್ರಿ ಎರಡಕ್ಕೆ ಬಂದ ಎಚ್ಚರಿಕೆಯನ್ನು ಯಾರೂ ನೋಡದೆ ರೋಗಿಗೆ ಏನಾದರೂ ಆದರೆ ಹೊಣೆ ಯಾರದ್ದು? ಟೆಲಿಮೆಡಿಸಿನ್ ಮಾರ್ಗಸೂಚಿ 2020ರ ಮಾರ್ಚ್‌ನಲ್ಲಿ ಬಂದು, ಫೋನಿನಲ್ಲಿ ರೋಗಿಯ ಜೊತೆ ಮಾತಾಡುವುದು ಹೇಗೆ ಅಂತ ಹೇಳಿತು. ಸುಮ್ಮನೆ ಹರಿದು ಬರುತ್ತಲೇ ಇರುವ ಅಂಕಿಗಳು ಹಾಗಲ್ಲ. ಅದು ಯಾರೂ ಎತ್ತದೆ ಬಡಿದುಕೊಳ್ಳುತ್ತಲೇ ಇರುವ ಫೋನಿನ ಹಾಗೆ.

ಆ ಕಡೆ ಒಬ್ಬರು ಕೂತಿದ್ದರೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಮುಂದಿನ ದಿನಗಳಲ್ಲಿ ಜಯದೇವ ಆಸ್ಪತ್ರೆಗೆ ತಪಾಸಣೆಗೆ ಅಂತ ಜನ ಮುಗಿಬಿದ್ದರು. 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು. ತಾಲ್ಲೂಕು ಆಸ್ಪತ್ರೆಗೆ ಎದೆನೋವು ಅಂತ ಬಂದವರ ಇಸಿಜಿ ತೆಗೆದು ಕಳಿಸುತ್ತಾರೆ. ಅದನ್ನು ಓದಿ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತ ಅಂತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಟ್ಟು, ಆಮೇಲೆ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇಸಿಜಿ ಯಂತ್ರ ಹೊಸದೇನಲ್ಲ, ನೂರು ವರ್ಷಕ್ಕೂ ಹಳೆಯದು. ಯಾರು ಓದಬೇಕು, ಓದಿ ಏನು ಹೇಳಬೇಕು, ಹೇಳಿದ ಮೇಲೆ ಯಾವ ಔಷಧಿ ಎಲ್ಲಿ ಸಿಗಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿದ್ದೇ ಹೊಸದು. ಹೆಜ್ಜೆ ಎಣಿಕೆಗೆ ಇಂಥ ಒಂದು ಸರಪಳಿಯನ್ನು ನಾನು ಇನ್ನೂ ಕಂಡಿಲ್ಲ.

ಅಮ್ಮನ ಕಥೆಯಲ್ಲಿ ಆ ಸರಪಳಿ ಆದದ್ದು ಅಡುಗೆಮನೆಯ ಗೋಡೆ ಮೇಲಿನ ಕ್ಯಾಲೆಂಡರ್. ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗ ಬ್ಯಾಂಡನ್ನು ಎರಡೇ ದಿನಕ್ಕೆ ಕೈಬಿಟ್ಟ. "ಅಮ್ಮಾ, ಒಂದು ಸುತ್ತಿಗೆ ಒಂದು ಗೀಟು ಹಾಕಿ ಸಾಕು" ಅಂದ. ಅಮ್ಮ ಏಕಾದಶಿ, ಹಾಲಿನ ಲೆಕ್ಕಗಳ ಮಧ್ಯೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದಳು. ಮೂರನೇ ವಾರ ಅವನು ಬಂದವನೇ ಕ್ಯಾಲೆಂಡರ್ ಮುಂದೆ ನಿಂತು, "ಬುಧವಾರದಿಂದ ಶನಿವಾರ ಏನಾಯ್ತು? ಹನ್ನೆರಡು ಇದ್ದದ್ದು ನಾಲ್ಕಾಗಿದೆ" ಅಂದ. ಅಮ್ಮ ಮೊದಲು ಏನೂ ಇಲ್ಲ ಅಂದಳು. ಅವನು ಬಿಡಲಿಲ್ಲ. ನೋವಿನ ಮಾತ್ರೆಯಿಂದ ಹೊಟ್ಟೆ ಉರಿ ಬರುತ್ತದೆ ಅಂತ ಅವಳು ನಮಗ್ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ್ದಳು. ನೋವಿಗೆ ನಡಿಗೆ ಕಡಿಮೆಯಾಗಿತ್ತು. ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಬದಲಾಯಿಸಿಕೊಂಡೆವು. ಆ ನಾಲ್ಕು ದಿನದ ಇಳಿತ ಬ್ಯಾಂಡಿನಲ್ಲೂ ಇತ್ತು. ಆಮೇಲೆ ತೆಗೆದು ನೋಡಿದೆ, ಚೆನ್ನಾಗಿ ಕಾಣುತ್ತಿತ್ತು.

ಕಾಳಜಿಯೋ, ಕಾವಲೋ?

2020ರ ಮಾರ್ಚ್ ಕೊನೆಯಲ್ಲಿ ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆಪಿನಲ್ಲಿ ಕಳಿಸಬೇಕು ಅಂತ ಕರ್ನಾಟಕ ಸರ್ಕಾರ ಆದೇಶ ಮಾಡಿತ್ತು, ನೆನಪಿದೆಯಾ? ಆರೋಗ್ಯದ ಹೆಸರಿನಲ್ಲಿ ಶುರುವಾಗುವ ಗಮನ ಯಾವಾಗ ಕಾವಲಾಗುತ್ತದೆ ಅನ್ನುವುದಕ್ಕೆ ನನಗೆ ಈಗಲೂ ನೆನಪಾಗುವುದು ಅದೇ. ಜಗತ್ತಿನ ಮಟ್ಟದಲ್ಲಿ ಬೇಕಾದರೆ 2018ರ ಸ್ಟ್ರಾವಾ ಪ್ರಕರಣ ಇದೆ. ಓಡುವವರ ದಾರಿಗಳನ್ನೆಲ್ಲ ಸೇರಿಸಿ ಆ ಕಂಪನಿ ಒಂದು ಚೆಂದದ ನಕ್ಷೆ ಪ್ರಕಟಿಸಿತು. ಸೈನಿಕರು ವಾಚು ಕಟ್ಟಿಕೊಂಡು ಓಡುತ್ತಿದ್ದ ಗುಟ್ಟಿನ ನೆಲೆಗಳು ಅದರಲ್ಲಿ ಹೊಳೆಯುತ್ತಿದ್ದವು. ಸುಮ್ಮನೆ ಹೆಜ್ಜೆ, ಅದರಲ್ಲಿ ಏನಿದೆ ಅನ್ನುವವರಿಗೆ ಇದು ಉತ್ತರ.

ಹೆಜ್ಜೆಯ ಲೆಕ್ಕದಿಂದ ನೀವು ಎಷ್ಟಕ್ಕೆ ಏಳುತ್ತೀರಿ, ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋಗುತ್ತೀರಿ, ಕಾಯಿಲೆ ಏರುತ್ತಿದೆಯೇ ಎಲ್ಲವನ್ನೂ ಊಹಿಸಬಹುದು. ನಾಳೆ ಇನ್ಶೂರೆನ್ಸ್ ಕಂಪನಿ ಇದನ್ನು ಕೇಳಿದರೆ? "ಡಾಕ್ಟರ್ ನಡೆಯಲು ಹೇಳಿದ್ದರು, ನೀವು ನಡೆಯಲಿಲ್ಲ" ಅಂತ ಕ್ಲೇಮ್‌ಗೆ ತಕರಾರು ತೆಗೆದರೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯವಾದ ಹೊಣೆಗಳು ಜಾರಿಯಾಗಲು 18 ತಿಂಗಳ ಸಮಯ ಇಟ್ಟಿದ್ದಾರೆ. ಒಪ್ಪಿಗೆ ಕೇಳಬೇಕು, ಒಪ್ಪಿಗೆ ವಾಪಸ್ ಪಡೆಯಬಹುದು, ಮಾಹಿತಿ ಅಳಿಸಿ ಅಂತ ಕೇಳಬಹುದು. ಇವೆಲ್ಲ ಒಳ್ಳೆಯದೇ. ಆದರೆ ಆರೋಗ್ಯದ ಮಾಹಿತಿಗೆ ಅಂತ ಈ ಕಾಯ್ದೆಯಲ್ಲಿ ಬೇರೆ ಗಟ್ಟಿ ಬೀಗವಿಲ್ಲ. ನಿಮ್ಮ ಇಮೇಲ್ ವಿಳಾಸಕ್ಕೂ ನಿಮ್ಮ ಎದೆಬಡಿತಕ್ಕೂ ಒಂದೇ ಬಾಗಿಲು.

ಇನ್ನೊಂದು ನುಣುಚಿಕೊಳ್ಳುವ ದಾರಿ ಉಂಟು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ, ಅವುಗಳ ಸಾಫ್ಟ್‌ವೇರ್ ಕೂಡ, ಔಷಧಿ ಕಾನೂನಿನ ಅಡಿ ಬರುತ್ತವೆ. ಹಾಗಾಗಿಯೇ ಎಷ್ಟೋ ವಾಚುಗಳ ಪೆಟ್ಟಿಗೆ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ "ಇದು ವೈದ್ಯಕೀಯ ಬಳಕೆಗೆ ಅಲ್ಲ" ಅಂತ ಇರುತ್ತದೆ. ಅದೇ ಪೆಟ್ಟಿಗೆಯ ಮುಂದುಗಡೆ ಹೃದಯದ ಚಿತ್ರ, ಆಕ್ಸಿಜನ್, ಬಿಪಿ ಎಲ್ಲ ದೊಡ್ಡದಾಗಿ. ಆಸ್ಪತ್ರೆಯವರೇ ಅದನ್ನು ರೋಗಿಗೆ ಕಟ್ಟಿದಾಗ ಯಾವ ಬದಿಯನ್ನು ನಂಬಬೇಕು?

ಬ್ಯಾಂಡ್ ಕಟ್ಟಲು ಬರುವವರನ್ನು ನಾನೀಗ ಮೂರು ಮಾತು ಕೇಳುತ್ತೇನೆ. ಇದನ್ನು ದಿನಾ ನೋಡುವವರ ಹೆಸರೇನು, ಅವರ ನಂಬರ್ ಕೊಡಿ. ಅಂಕಿ ಎಷ್ಟು ಇಳಿದರೆ ಅವರು ನಮಗೆ ಫೋನ್ ಮಾಡುತ್ತಾರೆ. ಫಾಲೋ-ಅಪ್ ದಿನ ಡಾಕ್ಟರ್ ಟೇಬಲ್ ಮೇಲೆ ಇದರ ಒಂದು ಹಾಳೆ ಇರುತ್ತದೆಯೇ. ಇದಕ್ಕೆ ಉತ್ತರ ಇಲ್ಲದಿದ್ದರೆ ಗೋಡೆ ಕ್ಯಾಲೆಂಡರ್, ಪೆನ್ಸಿಲು ಸಾಕು, ಚಾರ್ಜ್ ಮಾಡುವ ಕಾಟವೂ ಇಲ್ಲ.

ಹೋದ ತಿಂಗಳು ಬ್ಯಾಂಡ್ ವಾಪಸ್ ಕೊಟ್ಟು, ಅಮ್ಮನ ಲೆಕ್ಕವನ್ನೆಲ್ಲ ಅಳಿಸಿಬಿಡಿ ಅಂತ ಕೇಳಲು ಹೋದೆ. ರೋಗಿಯೇ ಬಂದು ಲಿಖಿತ ಅರ್ಜಿ ಕೊಡಬೇಕು, ಆಧಾರ್ ಝೆರಾಕ್ಸ್ ಲಗತ್ತಿಸಬೇಕು ಅಂದರು. ಮನೆಗೆ ಬಂದು ಹೇಳಿದೆ. ಅಮ್ಮ ವಾಕರ್ ಬಿಟ್ಟು ಎಷ್ಟೋ ದಿನ ಆಗಿದೆ, ಬಾಲ್ಕನಿಯಲ್ಲಿ ನಿಂತು ಬಟ್ಟೆ ಹರವುತ್ತಿದ್ದಳು. ತಿರುಗಿ ನೋಡಿ ಕೇಳಿದಳು: "ನಡೆದವಳು ನಾನು. ನಾನು ನಡೆದದ್ದನ್ನ ಅಳಿಸೋಕೆ ಅರ್ಜಿ ಹಿಡ್ಕೊಂಡು ನಾನೇ ಅಲ್ಲಿಗೆ ನಡೀಬೇಕಾ?"